ಗಂಡಸರೂ ಓದ್ತಾರೆ ಸ್ವಾಮೀ!

ಈ ಪುಟ ತಿರುವುತ್ತಿರುವ ಗಂಡಸರಿಗೆ ಮೊದಲು ಒಂದು ಪ್ರಶ್ನೆ. ನಿಜ ಹೇಳಿ, ತ್ರಿವೇಣಿಯವರ ಕಾದಂಬರಿ ಓದಿದ್ದೀರಾ? ವಾಣಿ? ಉಷಾ ನವರತ್ನರಾಂ? ಸಾಯಿಸುತೆ?

"ಛೇ ಛೇ, ಅವೆಲ್ಲ ಮನೇಲಿ ಹೆಂಗಸರು ಓದೋದು. ನಾವು ಸಿನಿಮಾ ನೋಡಿದೀವಿ ಅಷ್ಟೆ" ಅಂತೀರಿ. ಗೊತ್ತು ಬಿಡಿ! ಶಿವಮೊಗ್ಗ–ಭದ್ರಾವತಿ ಬಸ್ಸಿನಲ್ಲಿ ಮೂವತ್ತು ವರ್ಷ ಇದೇ ಉತ್ತರ ಕೇಳಿದವನು ನಾನು. ಹೀಗೆ ಹೇಳಿದ ಮಹನೀಯರೊಬ್ಬರು ‘ಹೊಂಬಿಸಿಲು’ ಕಾದಂಬರಿಯಲ್ಲಿ ಏನಿತ್ತು, ಸಿನಿಮಾದಲ್ಲಿ ಏನು ಬಿಟ್ಟರು ಅಂತ ಮಲವಗೊಪ್ಪದಿಂದ ಮಾಚೇನಹಳ್ಳಿಯವರೆಗೆ ನನಗೆ ಪಾಠ ಮಾಡಿದರು. ಓದದೇ ಹೇಗೆ ತಿಳಿಯಿತು ಸ್ವಾಮೀ?

ನಾನು ಓದುತ್ತೇನೆ. ಓದಿದ್ದೇನೆ. ಇನ್ನೂ ಓದುವವನಿದ್ದೇನೆ. ಮನೆ ವಿನೋಬನಗರದಲ್ಲಿ, ಕೆಲಸ ಭದ್ರಾವತಿಯ ಒಂದು ಕಚೇರಿಯಲ್ಲಿ ಗುಮಾಸ್ತಗಿರಿ. ದಿನಾ ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ ಬಿ.ಎಚ್. ರಸ್ತೆಯ ಬಸ್ಸು. ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಹೋಗುವಾಗ ಮೂವತ್ತು ಪುಟ, ನಿಂತುಕೊಂಡರೆ ಹದಿನೈದು. ಪುಸ್ತಕಕ್ಕೆ ಹಳೇ ಪೇಪರಿನ ರಟ್ಟು ಹಾಕಿರುತ್ತಿದ್ದೆ. ಪಕ್ಕದವರಿಗೆ ನಾನು ಓದುವುದು ಇಲಾಖಾ ಪರೀಕ್ಷೆಯ ಪುಸ್ತಕವೋ, ಎಸ್ಟೇಟ್ ಮಾಲೀಕನ ಮಗ ಬಡ ಮೇಷ್ಟ್ರ ಮಗಳನ್ನು ಮೊದಲ ಸಲ ನೋಡುವ ಅಧ್ಯಾಯವೋ ತಿಳಿಯಬಾರದು ನೋಡಿ!

ಪೇಪರ್ ಅಂದ ಕೂಡಲೇ ನೆನಪಾಯಿತು. ಭದ್ರಾವತಿ ಹತ್ತಿರವಾಗುತ್ತಿದ್ದಂತೆ ಗಾಳಿ ಪೇಪರ್ ಟೌನಿನ ಕಡೆಯಿಂದ ಬೀಸಿದರೆ ಒಂದು ವಾಸನೆ ಬರುತ್ತಿತ್ತು. 1937ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್ ಅಲ್ಲಿದೆ. 1980ರ ದಶಕದಲ್ಲಿ ಅಲ್ಲಿ ನ್ಯೂಸ್‌ಪ್ರಿಂಟೂ ತಯಾರಾಗುತ್ತಿತ್ತು. ನನ್ನ ಕೈಲಿರೋ ಧಾರಾವಾಹಿ ಅಚ್ಚಾದ ಕಾಗದ ಇಲ್ಲಿಂದಲೇ ಹೋಗಿ, ಬೆಂಗಳೂರು ನೋಡಿಕೊಂಡು, ಪ್ರೇಮಕಥೆ ಹೊತ್ತುಕೊಂಡು ತವರಿಗೆ ಬಂತೇನೋ ಅಂತ ಯೋಚಿಸುತ್ತಾ ಇಳಿಯುತ್ತಿದ್ದೆ. ಈಗ ಆ ಯಂತ್ರಗಳು ನಿಂತು ವರ್ಷಗಳೇ ಆದವು. ವಾಸನೆಯೂ ಇಲ್ಲ.

ಪುಸ್ತಕ ಕೊಂಡು ಓದುವ ಸಂಬಳ ನನಗಿರಲಿಲ್ಲ. ಆ ಕಾಲದಲ್ಲಿ ಯಾರಿಗಿತ್ತು? ಇದ್ದದ್ದು ಸರ್ಕ್ಯುಲೇಟಿಂಗ್ ಲೈಬ್ರರಿ. ನಮ್ಮ ಬಡಾವಣೆಯದು ಒಂದು ಮಳಿಗೆಯಲ್ಲಿ, ಒಂದು ಪಕ್ಕ ದರ್ಜಿ ಅಂಗಡಿ, ಇನ್ನೊಂದು ಪಕ್ಕ ಹಿಟ್ಟಿನ ಗಿರಣಿ. ಹಾಗಾಗಿ ಅಲ್ಲಿಯ ಪ್ರತಿ ಪುಸ್ತಕದಲ್ಲೂ ಸ್ವಲ್ಪ ರಾಗಿ ಹಿಟ್ಟು ಇರುತ್ತಿತ್ತು. ಡಿಪಾಸಿಟ್ ಕೊಟ್ಟರೆ ನಂಬರು ಸಿಗುತ್ತಿತ್ತು, ದಿನಕ್ಕೆ ಇಷ್ಟು ಪೈಸೆ ಅಂತ ಬಾಡಿಗೆ. ಹೊಸ ಪುಸ್ತಕ ಬಂದರೆ ಯಜಮಾನರು ಮೊದಲು ಅದರ ಮೈಗೆ ದಪ್ಪ ರಟ್ಟು ಹಾಕಿ, ಬೆನ್ನಿಗೆ ಬಟ್ಟೆ ಅಂಟಿಸಿ, ಹದಿನೇಳನೇ ಪುಟಕ್ಕೊಂದು ಮೊಹರು ಒತ್ತುತ್ತಿದ್ದರು. ಎಲ್ಲ ಪುಸ್ತಕಕ್ಕೂ ಹದಿನೇಳನೇ ಪುಟವೇ. ಯಾಕೆ ಅಂತ ಕೇಳಿದರೆ, "ಕಳ್ಳರು ಮೊದಲನೇ ಪುಟ ಹರೀತಾರೆ ಸಾರ್, ಹದಿನೇಳನೇದು ಹರಿಯೋಲ್ಲ. ಅಷ್ಟೊತ್ತಿಗೆ ಕಥೇಲಿ ಬಿದ್ದಿರ್ತಾರೆ" ಅಂದರು. ಪ್ರಕಾಶಕರಿಗೂ ಇಷ್ಟು ತಿಳಿದಿರಲಿಕ್ಕಿಲ್ಲ!

ಆ ಪುಸ್ತಕಗಳಲ್ಲಿ ಅಚ್ಚಾದದ್ದು ಅರ್ಧ, ಓದಿದವರು ಬರೆದದ್ದು ಅರ್ಧ. ನಾಯಕಿಯ ಅತ್ತೆ ಬೈದ ಕಡೆ ಅಂಚಿನಲ್ಲಿ "ಇವಳಿಗೆ ಒಳ್ಳೇದಾಗಲ್ಲ". ನಾಯಕ ಸಂಶಯಪಟ್ಟ ಕಡೆ "ಥೂ". ಇನ್ನೊಂದು ಕೈಬರಹ ಅದರ ಕೆಳಗೆ, "ತಾಳಿ, ಮುಂದೆ ಸರಿ ಹೋಗ್ತಾನೆ". ಒಬ್ಬರು ಪುಣ್ಯಾತ್ಮರು ಮೊದಲ ಪುಟದಲ್ಲೇ "ಕೊನೆಗೆ ಸಾಯ್ತಾಳೆ, ಬಾಣಂತಿಯರು ಓದಬೇಡಿ" ಅಂತ ಎಚ್ಚರಿಕೆ ಬರೆದಿದ್ದರು. ಕೊನೇ ಹಾಳೆ ಮಾಯವಾದ ಪುಸ್ತಕವನ್ನು ಯಜಮಾನರು ಅರ್ಧ ಬಾಡಿಗೆಗೆ ಕೊಡುತ್ತಿದ್ದರು. ಉಳಿದ ಕಥೆಯನ್ನು ತಾವೇ ಬಾಯಲ್ಲಿ ಹೇಳುತ್ತಿದ್ದರು, ಅದಕ್ಕೆ ಬಾಡಿಗೆ ಇಲ್ಲ.

ಇನ್ನು ಸಿನಿಮಾದ ಮಾತು. ನಮ್ಮ ಬೆಳ್ಳಿತೆರೆ ಈ ಕಾದಂಬರಿಗಾರ್ತಿಯರ ಮನೆಯ ಅನ್ನ ಉಂಡಷ್ಟು ಬೇರೆ ಯಾರ ಮನೆಯದೂ ಉಂಡಿಲ್ಲ ಅಂತ ನನ್ನ ಎಣಿಕೆ. ಪುಟ್ಟಣ್ಣ ಕಣಗಾಲ್ ಅವರಿಗೆ ಕನ್ನಡದಲ್ಲಿ ಹೆಸರು ತಂದದ್ದು ತ್ರಿವೇಣಿಯವರ ‘ಬೆಳ್ಳಿಮೋಡ’. ‘ಶರಪಂಜರ’ವೂ ಅವರದೇ. ವಾಣಿಯವರ ‘ಎರಡು ಕನಸು’ 1974ರಲ್ಲಿ, ‘ಶುಭಮಂಗಳ’ 1975ರಲ್ಲಿ, ‘ಹೊಸ ಬೆಳಕು’ 1982ರಲ್ಲಿ. ಉಷಾ ನವರತ್ನರಾಂ ಅವರ ‘ಹೊಂಬಿಸಿಲು’ 1978ರಲ್ಲಿ, ‘ಬಂಧನ’ 1984ರಲ್ಲಿ. ಎರಡರಲ್ಲೂ ವಿಷ್ಣುವರ್ಧನ್ ಡಾಕ್ಟರು! ನಮ್ಮ ಬಡಾವಣೆಯ ಹೆಣ್ಣುಮಕ್ಕಳು ಆಮೇಲೆ ಯಾವ ಡಾಕ್ಟರನ್ನೂ ಒಪ್ಪಲಿಲ್ಲ ಅಂತ ತಮಾಷೆ ಮಾಡುತ್ತಿದ್ದೆವು. ಸಾಯಿಸುತೆಯವರ ‘ಬಾಡದ ಹೂ’, ‘ಇಬ್ಬನಿ ಕರಗಿತು’ ಬಂದಾಗ ಅನಂತನಾಗ್–ಲಕ್ಷ್ಮಿ. ಅಲ್ಲಿಂದ ಮುಂದೆ ಸಾಯಿಸುತೆಯವರ ಯಾವ ಕಾದಂಬರಿ ತೆರೆದರೂ ನನಗೆ ಕಾಣುವುದು ಅದೇ ಜೋಡಿ. ಏನು ಮಾಡಿದರೂ ಬೇರೆ ಮುಖ ಬರೋದಿಲ್ಲ.

ಈ ಕಾದಂಬರಿಗಳಿಗೆ ‘ಅಡುಗೆಮನೆ ಸಾಹಿತ್ಯ’ ಅಂತ ಮೂಗು ಮುರಿದವರು ಬೇಕಾದಷ್ಟು ಜನ. ಆಗಲಿ, ಅಡುಗೆಮನೆಯೇ ಆಗಲಿ! ಮೂರು ಹೊತ್ತೂ ಅಲ್ಲೇ ತಾನೆ ಅವರಿಗೂ ಊಟ? ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಮಂಡಗದ್ದೆ ಸಿಗುತ್ತದೆ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುವ ಊರು. ಎಂ.ಕೆ. ಇಂದಿರಾ ಅವರ ಹೆಸರಿನ ‘ಎಂ’ ಅದೇ ಮಂಡಗದ್ದೆ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಶಾಲೆ ಕಲಿತದ್ದು ಅಷ್ಟಕ್ಕಷ್ಟೆ. ನಲವತ್ತು ದಾಟಿದ ಮೇಲೆ ಕಾದಂಬರಿ ಬರೆಯಲು ಕೂತವರು, ‘ತುಂಗಭದ್ರ’, ‘ಗೆಜ್ಜೆಪೂಜೆ’, ‘ಫಣಿಯಮ್ಮ’ ಬರೆದರು. ಅಡುಗೆಮನೆಯಿಂದ ಎದ್ದು ಬಂದ ಕೈಯೇ ಅದು. ನನ್ನ ಹೆಂಡತಿಯೂ ತೀರ್ಥಹಳ್ಳಿ ಕಡೆಯವಳು. ಇಂದಿರಾ ಅವರ ಮಾತು ಬಂದರೆ ಸ್ವಂತ ಚಿಕ್ಕಮ್ಮನ ಮಾತು ಆಡಿದ ಹಾಗೆ ಆಡುತ್ತಾಳೆ.

ಹೆಂಡತಿಯ ವಿಷಯ ಬಂತಲ್ಲ, ಇನ್ನು ಸ್ವಲ್ಪ ಹೊತ್ತು ಅವಳದೇ ವಿಷಯ. (ಕೇಳಿಯೇ ಬರೀತಿದ್ದೇನೆ. "ಬರೀರಿ, ಹೆಸರು ಮಾತ್ರ ಹಾಕ್ಬೇಡಿ" ಅಂದಿದ್ದಾಳೆ.)

1983ರಲ್ಲಿ ನಮ್ಮ ಮದುವೆ. ನೋಡಲು ಹೋದಾಗ ಅವಳು ತಲೆ ಎತ್ತಲಿಲ್ಲ, ನಾನು ಉಪ್ಪಿಟ್ಟಿನ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ಮದುವೆಯಾಗಿ ಎರಡು ತಿಂಗಳು ನಮ್ಮಿಬ್ಬರ ಮಾತು ಎಷ್ಟು ಅಂದರೆ, "ಬಡಿಸ್ಲಾ?" "ಹೂಂ." "ಸಾಕಾ?" "ಸಾಕು." ಜಗಳವಿಲ್ಲ, ಬೇಸರವಿಲ್ಲ. ಮಾತು ಎಲ್ಲಿಂದ ಶುರು ಮಾಡಬೇಕು ಅನ್ನೋದು ಇಬ್ಬರಿಗೂ ತಿಳಿಯದು. ಅಪ್ಪ ಅಮ್ಮ ಹೆಂಡತಿ ಹತ್ರ ಹೀಗೆ ಮಾತಾಡು ಅಂತ ಹೇಳಿಕೊಡ್ತಾರಾ?

ತವರಿನಿಂದ ಅವಳು ತಂದ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಏಳು ಕಟ್ಟುಗಳಿದ್ದವು. ವಾರಪತ್ರಿಕೆಗಳ ಧಾರಾವಾಹಿ ಹಾಳೆಗಳನ್ನು ಹರಿದು, ಸೇರಿಸಿ, ಚೀಲ ಹೊಲಿಯುವ ದಬ್ಬಳದಲ್ಲಿ ತಾನೇ ಹೊಲಿದದ್ದು. ಆಗ ‘ಸುಧಾ’, ‘ಪ್ರಜಾಮತ’ ಬಂದರೆ ಮನೆಯಲ್ಲಿ ಮೊದಲು ಯಾರು ಓದಬೇಕು ಅಂತ ಜಗಳ, ಕೊನೆಗೆ ಯಾರು ಹರಿದುಕೊಳ್ಳಬೇಕು ಅಂತ ಇನ್ನೊಂದು ಜಗಳ. ಒಂದು ಕಟ್ಟಿಗೆ ಮೊದಲ ಹಾಳೆಯೇ ಇಲ್ಲ, ಹಾಗಾಗಿ ಕಾದಂಬರಿಯ ಹೆಸರೂ ಇಲ್ಲ, ಬರೆದವರ ಹೆಸರೂ ಇಲ್ಲ. ನಡುವೆ ಒಂದು ಕಂತೂ ಇಲ್ಲ. ಆ ವಾರದ ಪತ್ರಿಕೆಯಲ್ಲಿ ಅವರ ಅಜ್ಜಿ ಹಪ್ಪಳ ಒಣಗಿಸಿದ್ದರಂತೆ.

ಒಂದು ದಿನ ‘ಎರಡು ಕನಸು’ ಮತ್ತೆ ನಮ್ಮೂರಿಗೆ ಬಂತು, ಹಳೇ ಪ್ರಿಂಟು. ಇಬ್ಬರೂ ಹೋದೆವು. ಮನಸ್ಸಿಲ್ಲದೆ ಮದುವೆಯಾದ ಗಂಡ ರಾಜ್‌ಕುಮಾರ್, ಅವನು ತಿರುಗಿ ನೋಡುವ ತನಕ ಕಾಯುವ ಹೆಂಡತಿ ಕಲ್ಪನಾ. ನಡೆದುಕೊಂಡೇ ವಾಪಸ್ ಬರುತ್ತಿದ್ದೆವು. ಪೊಲೀಸ್ ಚೌಕಿ ಹತ್ತಿರ ಬರುವಾಗ ಅವಳು ಇದ್ದಕ್ಕಿದ್ದಂತೆ, "ರೀ, ಅವನು ಅಷ್ಟು ದಿನ ಮಾತಾಡ್ದೆ ಇದ್ದದ್ದು ಸರೀನಾ?" ಅಂದಳು. ನನಗೆ ಎದೆ ಧಸಕ್ಕೆಂದಿತು. "ಯಾರು?" ಅಂದೆ. "ಸಿನಿಮಾದವನು ಮಾರಾಯ್ರೆ!" ಅಂದಳು. ಆ ರಾತ್ರಿ ಸಿನಿಮಾದವನನ್ನು ಬೈಯುತ್ತಾ, ಸಮರ್ಥಿಸುತ್ತಾ ಎಷ್ಟು ಹೊತ್ತು ಮಾತಾಡಿದೆವು ಅಂದರೆ ಹಾಲಿನವನು ಬಂದು ಬಾಗಿಲು ಬಡಿದ.

ಮರುದಿನವೇ ಹೋಗಿ ವಾಣಿಯವರ ಪುಸ್ತಕ ಬಾಡಿಗೆಗೆ ತಂದೆ. ಆಮೇಲೆ ಅದೇ ನಮ್ಮ ಪದ್ಧತಿ ಆಯಿತು. ಮಧ್ಯಾಹ್ನ ಅವಳು ಓದುವುದು, ಮರುದಿನ ಬಸ್ಸಿನಲ್ಲಿ ನಾನು, ರಾತ್ರಿ ವಿಚಾರಣೆ. ನೇರವಾಗಿ ಹೇಳಲಾಗದ್ದನ್ನೆಲ್ಲ ನಾಯಕ ನಾಯಕಿಯರ ತಲೆಗೆ ಕಟ್ಟಿ ಹೇಳುವುದು. "ಇವತ್ತಿನ ಕಾದಂಬರೀಲಿ ಗಂಡ ಹೆಂಡತೀನ ಜೋಗಕ್ಕೆ ಕರ್ಕೊಂಡು ಹೋದ" ಅಂದಳು ಒಮ್ಮೆ. ಬಸ್ಸಿನಲ್ಲಿ ಪುಸ್ತಕವೆಲ್ಲ ಹುಡುಕಿದೆ, ಜೋಗ ಎಲ್ಲೂ ಇಲ್ಲ! ಭಾನುವಾರ ಜೋಗಕ್ಕೆ ಹೋದೆವು ಅನ್ನಿ.

ಇದು ನಗುವ ಭಾಗ. ಇನ್ನೊಂದು ಭಾಗ ಇದೆ.

1985ರಲ್ಲಿ ಮಗ ಹುಟ್ಟಿದ. ಹುಟ್ಟಿದ ಮೂರನೇ ವಾರದಿಂದ ಅವಳು ಅಳಲು ಶುರು ಮಾಡಿದಳು. ಕಾರಣವಿಲ್ಲ. ಮಗು ಅತ್ತರೂ ಅಳು, ಮಲಗಿದರೂ ಅಳು. ನಿದ್ದೆ ಇಲ್ಲ. ಮಗುವನ್ನು ಎತ್ತಿಕೊಳ್ಳಲು ಭಯ, "ನನ್ನ ಕೈಲಿ ಬಿದ್ದುಹೋಗ್ತಾನೆ" ಅಂತ. ಕೆಲವರು ಬಾಣಂತಿ ಸನ್ನಿ ಅಂದರು, ಕೆಲವರು ದೃಷ್ಟಿ ಅಂದರು. ನಮ್ಮ ಅತ್ತೆಯವರು ದೊಡ್ಡ ಮನಸ್ಸಿನ ಹೆಂಗಸು, "ಮೊದಲು ಡಾಕ್ಟರ ಹತ್ರ ಹೋಗೋಣ, ಆಮೇಲೆ ದೃಷ್ಟಿ ತೆಗೆಯೋಣ" ಅಂದರು. ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ಹತ್ತಲು ವಾರಗಳು ಬೇಕು, ತಾಳ್ಮೆ ಇರಲಿ ಅಂದರು.

ಆ ವಾರಗಳಿವೆಯಲ್ಲ... ಅವನ್ನು ದಾಟಿದ್ದು ಹೇಗೆ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಕೇಳಿ ನಗುತ್ತಾರೆ. ನಗಲಿ. ಅವಳು ಬೇಡಿದ್ದು ಒಂದೇ. "ಯಾರೂ ಸಾಯದ ಪುಸ್ತಕ ತನ್ನಿ." ನಾನು ಲೈಬ್ರರಿಗೆ ಹೋಗಿ ಹಾಗೇ ಕೇಳಿದೆ. ಯಜಮಾನರು ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ. ಏಣಿ ಹತ್ತಿ ಒಂದೊಂದಾಗಿ ಕಪಾಟಿನಿಂದ ಇಳಿಸಿದರು. "ಇದರಲ್ಲಿ ಯಾರೂ ಸಾಯಲ್ಲ. ಇದರಲ್ಲಿ ಅಜ್ಜ ಸಾಯ್ತಾರೆ, ಬೇಡ. ಇದು ಸರಿ. ಇದರಲ್ಲಿ ಕಾರು ಮರಕ್ಕೆ ಹೊಡೆಯತ್ತೆ, ಆದರೆ ಉಳೀತಾನೆ. ಆದರೂ ಬೇಡ." ಹೀಗೆ ಹನ್ನೊಂದು ಪುಸ್ತಕ. ಸಾಯಿಸುತೆಯವರವೇ ಹೆಚ್ಚು. ದೊಡ್ಡ ಮನೆ, ಮನೆ ತುಂಬ ಜನ, ಗಂಭೀರ ಸ್ವಭಾವದ ನಾಯಕ, ನಾಯಕಿಯ ಕೈ ಮುಟ್ಟಲು ನೂರೈವತ್ತು ಪುಟ ತೆಗೆದುಕೊಳ್ಳುವ ಮರ್ಯಾದಸ್ಥ! ಅವಳು ಓದಿದಳು. ಹನ್ನೊಂದೂ ಮುಗಿದ ಮೇಲೆ ಹೊಸದು ಬೇಡ ಅಂದಳು, ಮೊದಲನೆಯದನ್ನೇ ಮತ್ತೆ ತೆಗೆದಳು. ಒಂದನ್ನು ಐದು ಸಲ ಓದಿದಳು. "ಗೊತ್ತಿರೋ ಕಥೆಯನ್ನೇ ಎಂತಕ್ಕೆ ಓದ್ತೀಯೇ?" ಅಂತ ಅತ್ತೆ ಕೇಳಿದರು. "ಮುಂದೇನಾಗತ್ತೆ ಅಂತ ಗೊತ್ತಮ್ಮ. ಅದಕ್ಕೇ" ಅಂದಳು.

ನನ್ನ ಮಟ್ಟಿಗೆ ಈ ಕಾದಂಬರಿಗಳ ಬಗ್ಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಯಾರೂ ಬರೆದಿಲ್ಲ. ಆ ತಿಂಗಳು ಅವಳಿಗೆ ನಾಳೆ ಏನಾಗುತ್ತದೋ ಅನ್ನುವುದೇ ದೊಡ್ಡ ಭಯ. ಇನ್ನೂರು ಪುಟದ ಮಟ್ಟಿಗಾದರೂ ನಾಳೆ ಏನಾಗುತ್ತದೆ ಅನ್ನುವುದು ಅಚ್ಚಾಗಿ, ಹೊಲಿದು, ರಟ್ಟು ಹಾಕಿ ಕೈಯಲ್ಲಿತ್ತು.

ಸಂಜೆ ನಾನು ಬರುವ ಹೊತ್ತಿಗೆ ಅಂದು ಎಲ್ಲಿಯವರೆಗೆ ಓದಿದೆ ಅಂತ ಹೇಳುತ್ತಿದ್ದಳು. ಬೇರೆ ಮಾತಿಲ್ಲದ ದಿನವೂ ಅಷ್ಟು ಮಾತಿರುತ್ತಿತ್ತು. ಒಂದು ದಿನ ಓದುತ್ತಾ ಓದುತ್ತಾ, ಪುಸ್ತಕದಿಂದ ಕಣ್ಣು ತೆಗೆಯದೆ, ಪಕ್ಕದಲ್ಲಿ ಅಳುತ್ತಿದ್ದ ಮಗುವನ್ನು ಎತ್ತಿ ತೊಡೆ ಮೇಲೆ ಹಾಕಿಕೊಂಡಳು. ತಾನು ಎತ್ತಿಕೊಂಡೆ ಅನ್ನುವುದು ಅವಳಿಗೇ ತಿಳಿಯಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ನನಗೆ ಸನ್ನೆ ಮಾಡಿದರು, ಸುಮ್ಮನಿರು ಅಂತ. ಇಬ್ಬರೂ ಉಸಿರು ಬಿಡದೆ ನಿಂತಿದ್ದೆವು. ಮಾತ್ರೆಯ ಗುಣವೋ, ಪುಸ್ತಕದ ಗುಣವೋ? ಡಾಕ್ಟರ ಪಾಲು ಡಾಕ್ಟರಿಗೆ, ಸಾಯಿಸುತೆಯವರ ಪಾಲು ಸಾಯಿಸುತೆಯವರಿಗೆ. ಲೆಕ್ಕ ಹಾಕಲು ನಾನು ಹೋಗಿಲ್ಲ.

ಆ ಎರಡು ತಿಂಗಳ ಬಾಡಿಗೆಯನ್ನು ಯಜಮಾನರು ಪುಸ್ತಕದಲ್ಲಿ ಬರೆಯಲೇ ಇಲ್ಲ. ಕೊಡಲು ಹೋದರೆ, "ಅದೇ ಹನ್ನೊಂದು ತಾನೆ ಸಾರ್, ಹೊಸದೇನು ಒಯ್ದಿರಿ?" ಅಂದರು.

ತ್ರಿವೇಣಿಯವರ ‘ಶರಪಂಜರ’ ಮನೆಯಲ್ಲಿತ್ತು. ಅತ್ತೆ ಅದನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದರು. ಸಿನಿಮಾ ನೋಡಿದವರಿಗೆ ಗೊತ್ತು, ಬಾಣಂತನದಲ್ಲಿ ಮನಸ್ಸು ಕೆಟ್ಟು, ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಮನೆಯವರು ನಂಬುವುದಿಲ್ಲ. ಮನಶ್ಶಾಸ್ತ್ರ ಓದಿದವರು ತ್ರಿವೇಣಿ. ಇಪ್ಪತ್ತರಷ್ಟು ಕಾದಂಬರಿ ಬರೆದು, ಮೂವತ್ತೈದು ತುಂಬುವ ಮೊದಲೇ 1963ರಲ್ಲಿ ತೀರಿಕೊಂಡರು. ಮಗನಿಗೆ ಒಂದು ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ ಇವಳೇ ಅಕ್ಕಿ ಡಬ್ಬಿ ಸರಿಸಿ ಆ ಪುಸ್ತಕ ತೆಗೆದು ಒಂದೇ ಪಟ್ಟಿಗೆ ಓದಿ ಮುಗಿಸಿದ್ದಳು. ನಾನು ಬಂದಾಗ ದೀಪವನ್ನೂ ಹಾಕಿರಲಿಲ್ಲ. ನನಗೆ ಗಾಬರಿ. "ಗಾಬರಿ ಮಾಡ್ಕೋಬೇಡಿ, ಏನಾಗಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಕಾವೇರಿಗೆ ಯಾರಾದ್ರೂ ಒಂದು ಪುಸ್ತಕ ತಂದ್ಕೊಡೋರು ಇದ್ದಿದ್ರೆ..." ಅಂತ ಅಷ್ಟಕ್ಕೇ ನಿಲ್ಲಿಸಿ ಕಾಫಿ ಮಾಡಲು ಎದ್ದಳು.

ಇಂಗ್ಲಿಷಿನಲ್ಲಿ ಮಿಲ್ಸ್ ಅಂಡ್ ಬೂನ್ ಅಂತ ಪ್ರೇಮ ಕಾದಂಬರಿಗಳ ಕಂಪನಿ ಇದೆ, ಲಂಡನ್ನಿನಲ್ಲಿ 1908ರಲ್ಲಿ ಹುಟ್ಟಿದ್ದು. ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಗಳಲ್ಲಿ ನೀವೂ ನೋಡಿರುತ್ತೀರಿ. ಅವರ ಕಥೆ ಸುಖವಾಗಿ ಮುಗಿಯಲೇಬೇಕು, ಅದೇ ಕಟ್ಟುಪಾಡು. ನಮ್ಮವರಲ್ಲಿ ಹಾಗಿಲ್ಲ. ‘ಬಂಧನ’ದ ಡಾಕ್ಟರು ಉಳಿಯುವುದಿಲ್ಲ. ‘ಬೆಳ್ಳಿಮೋಡ’ದ ಇಂದಿರೆಗೆ ಮದುವೆಯೇ ಆಗುವುದಿಲ್ಲ. ಆಸ್ತಿ ಕೈಬಿಟ್ಟಿತು ಅಂತ ದೂರವಾದ ಮೋಹನ, ಅವಳಿಂದ ಶುಶ್ರೂಷೆ ಮಾಡಿಸಿಕೊಂಡು, ಬುದ್ಧಿ ಬಂದು ಮದುವೆಗೆ ಕೇಳಿದರೆ ಅವಳು ಒಲ್ಲೆ ಅನ್ನುತ್ತಾಳೆ. ಇಂಥದ್ದನ್ನು ಹೆಂಗಸರು ಹೇಗೆ ಸಮಾಧಾನಕ್ಕೆ ಅಂತ ಓದುತ್ತಿದ್ದರು? ನನಗೆ ಬಹಳ ಕಾಲ ಅರ್ಥವಾಗದ ವಿಷಯ ಇದು. ಕೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು. "ಬೇಡ ಅಂತ ಹೇಳಿದ್ಲಲ್ಲ ರೀ. ನಮ್ಮಲ್ಲಿ ಎಷ್ಟು ಜನಕ್ಕೆ ಬೇಡ ಅನ್ನಕ್ಕೆ ಆಗಿತ್ತು? ನಮ್ಮ ಪರವಾಗಿ ಅವಳು ಅಂದ್ಲು" ಅಂದಳು. ಅವಳು ನನಗೆ ಹೂಂ ಅಂದದ್ದರ ಬಗ್ಗೆ ನಾನು ಏನೂ ಕೇಳಲು ಹೋಗಲಿಲ್ಲ!

ಹಾಗಂತ ಎಲ್ಲವನ್ನೂ ಹೊಗಳುವವನಲ್ಲ ನಾನು. ಎಲ್ಲ ನಾಯಕರಿಗೂ ಎಸ್ಟೇಟು, ಕಾರು ಎಲ್ಲಿಂದ ಬರುತ್ತವೆ? ಗುಮಾಸ್ತ ನಾಯಕನಾಗಬಾರದೇ? ತ್ಯಾಗ ಮಾಡಿ ಮಾಡಿ ಸವೆಯುವ ನಾಯಕಿಯರನ್ನು ಕಂಡರೆ ಪುಸ್ತಕ ಎಸೆಯುವಷ್ಟು ಸಿಟ್ಟು ಬಂದದ್ದುಂಟು. ತ್ರಿವೇಣಿಯವರ ತೂಕ ಎಲ್ಲರಲ್ಲೂ ಇಲ್ಲ, ನಿಜ. ಆದರೆ ಜ್ವರ ಬಂದಾಗ ಗಂಜಿಯೇ ಬೇಕು. ಗಂಜಿಗೆ ಒಗ್ಗರಣೆ ಸಾಲದು ಅಂತ ಬರೆಯುವ ವಿಮರ್ಶಕರಿಗೆ ಜ್ವರ ಬಂದಿಲ್ಲ ಅಷ್ಟೆ.

ಲೈಬ್ರರಿ ಮುಚ್ಚಿ ಬಹಳ ವರ್ಷ ಆಯಿತು. ಆ ಮಳಿಗೆಯಲ್ಲಿ ಈಗ ಮೊಬೈಲ್ ಅಂಗಡಿ. ಯಜಮಾನರು ಮುಚ್ಚುವಾಗ ಸದಸ್ಯರನ್ನು ಕರೆದು ಬೇಕಾದ್ದು ತೆಗೆದುಕೊಂಡು ಹೋಗಿ ಅಂದರು. ನಾವು ಆ ಹನ್ನೊಂದನ್ನು ತಂದೆವು. ಹದಿನೇಳನೇ ಪುಟದ ಮೊಹರು ಈಗಲೂ ಚೆನ್ನಾಗಿದೆ.

ಈಗ ಅವಳಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಸಣ್ಣ ಅಕ್ಷರ ಕಾಣುವುದಿಲ್ಲ. ರಾತ್ರಿ ಊಟವಾದ ಮೇಲೆ ನಾನೇ ಗಟ್ಟಿಯಾಗಿ ಓದುತ್ತೇನೆ. ನಾಯಕಿಯ ಮಾತು ಬಂದಾಗ ಸ್ವರ ತೆಳ್ಳಗೆ ಮಾಡಿದರೆ ನಗುತ್ತಾಳೆ. ನಾನು ಬೇಗ ಮಲಗುವ ಆಸೆಗೆ ಒಂದೆರಡು ಪ್ಯಾರಾ ಹಾರಿಸಿದರೆ ತಕ್ಷಣ ಹಿಡಿಯುತ್ತಾಳೆ, "ಅವಳು ಇನ್ನೂ ಮೆಟ್ಟಿಲು ಇಳಿದಿಲ್ಲ, ನೀವು ಆಗಲೇ ತೋಟಕ್ಕೆ ಹೋದ್ರಿ." ಬೆಂಗಳೂರಿನಿಂದ ಬಂದ ಮಗ, "ಅಪ್ಪಾ, ಇದೆಲ್ಲ ಪಲಾಯನ" ಅಂದ. ಓದಿಕೊಂಡವನು. ಅಮ್ಮನ ತೊಡೆ ಮೇಲೆ ಅವನು ಮೊದಲ ಸಲ ಸುಖವಾಗಿ ಮಲಗಿದ ಮಧ್ಯಾಹ್ನದ ವಿಷಯ ಅವನಿಗೆ ಹೇಳಬೇಡಿ ಅಂತ ಅವಳ ಆಜ್ಞೆ ಇತ್ತು. ಈ ಲೇಖನದ ಮೂಲಕ ಗೊತ್ತಾಗಲಿ ಅಂತ ಈಗ ಅವಳೇ ಹೇಳಿದ್ದಾಳೆ.

ಕಳೆದ ವಾರದಿಂದ ಟ್ರಂಕಿನ ಕಟ್ಟುಗಳನ್ನು ಓದುತ್ತಿದ್ದೇವೆ. ಹೆಸರಿಲ್ಲದ ಆ ಧಾರಾವಾಹಿಯಲ್ಲಿ ಇಲ್ಲದ ಕಂತು ಬಂದಾಗ ನಾನು ಪುಸ್ತಕ ಮಡಿಚಿ ಅವಳ ಮುಖ ನೋಡುತ್ತೇನೆ, ಅವಳು ಹೇಳುತ್ತಾಳೆ. ಹಿಂದೆ ಒಮ್ಮೆ ಆ ಕಂತಿನಲ್ಲಿ ನಾಯಕ ಊರು ಬಿಟ್ಟು ಹೋಗಿದ್ದ. ಇನ್ನೊಮ್ಮೆ ಅವನಿಗೆ ಟೈಫಾಯಿಡ್ ಆಗಿತ್ತು. ಮೊನ್ನೆ ಹೇಳಿದಾಗ ಅವನು ಭದ್ರಾವತಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ, ದಿನಾ ಬಸ್ಸಿನಲ್ಲಿ ಓಡಾಡುತ್ತಾನೆ. ಓದುಗರಲ್ಲಿ ಯಾರ ಹತ್ತಿರವಾದರೂ ಆ ಕಂತು ಇದ್ದರೆ ದಯವಿಟ್ಟು ಕಳಿಸಬೇಡಿ.